ಹಳದಿಯ ಮೇಲೆ ಕಪ್ಪು

ಫೆಬ್ರವರಿ 2, 2016, ಮಂಗಳವಾರ

ವಿಮಾನದ ಎಡ ರೆಕ್ಕೆಗೆ ಬಟ್ಟೆ ಹೊಲಿಯುವ ಕೆಲಸ, ಹದಿನಾಲ್ಕನೆಯ ಪಕ್ಕೆಲುಬು ಮುಗಿಯಿತು. ಮೇಣ ಹಚ್ಚಿದ ದಾರ, ಮೊಳದುದ್ದದ ಸೂಜಿ, ಮೂರು ಇಂಚಿಗೊಂದು ಗಂಟು. ರೊವೀನಾ ಹಾಕಿದ್ದ ಎಂಟು ಗಂಟು ಬಿಚ್ಚಿ ಮತ್ತೆ ಹಾಕಿದೆ. ನಲವತ್ತಾರು ವರ್ಷದ ಮಗಳು. ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ನಮ್ಮ ಸೀಮೆ ಸಫೊಕ್‌ನಲ್ಲೇ ಅವಳಿಗೆ ಸಮನಾದವರಿಲ್ಲ. ಸೂಜಿ ಹಿಡಿದರೆ ಮಾತ್ರ ಆತುರ.

"ಅಮ್ಮಾ, ಬಟ್ಟೆ ಒಳಗೆ ಹೋಗೋ ಗಂಟು ಅದು. ಯಾರು ನೋಡ್ತಾರೆ?"

"ನಾನು ನೋಡಿದೆನಲ್ಲ."

ಮೂಲೆಯಲ್ಲಿ ಡೆಸ್ ನಕ್ಕ. ವಿಮಾನಕ್ಕೆ ಬಣ್ಣ ಹೊಡೆಯುವವನು. ನನಗಿಂತ ಎರಡು ವರ್ಷ ದೊಡ್ಡವನು, ಆದರೂ ಯಜಮಾನಮ್ಮ ಎಂದೇ ಕರೆಯುತ್ತಾನೆ. ಗೇಲಿಗೆ ಶುರುಮಾಡಿದ್ದು, ಈಗ ಅದೇ ನನ್ನ ಹೆಸರು.

ಮುಂದಿನ ವಾರ ಈ ಲೈಸಾಂಡರ್ ವಿಮಾನದ ಹಿಂಭಾಗದ ಹಳೆಯ ಬಟ್ಟೆ ಬಿಚ್ಚಬೇಕು. ಗುರುವಾರ ಇದರ ಮಾಲೀಕರು ಬರುತ್ತಾರೆ. ಬಣ್ಣದ ವಿಷಯ ಮಾತಾಡಬೇಕಂತೆ. ಮಾತಾಡಲಿ. ಈ ದುರಸ್ತಿ ಶೆಡ್ಡಿನಿಂದ ಹೊರಡುವ ವಿಮಾನ ಯುದ್ಧಕಾಲದಲ್ಲಿ ತೊಟ್ಟಿದ್ದ ಬಣ್ಣವನ್ನೇ ತೊಟ್ಟು ಹೊರಡುತ್ತದೆ. ಇಪ್ಪತ್ತಮೂರು ವಿಮಾನ ಕಳಿಸಿದ್ದೇನೆ. ಒಂದಕ್ಕೂ ಇನ್ನೊಂದರ ವೇಷ ಹಾಕಿಲ್ಲ.

ಫೆಬ್ರವರಿ 4, ಗುರುವಾರ

ಮಾಲೀಕರು ಮೋಟ್ರಮ್ ಬಂದು ಹೋದರು. ಅರವತ್ತರ ಆಸುಪಾಸು. ಬಿಸ್ಕತ್ತು ಕಾರ್ಖಾನೆ ನಡೆಸಿ ನಿವೃತ್ತರಾದವರು. ಒಳ್ಳೆಯ ಬೂಟು ಹಾಕಿಕೊಂಡು ಎಣ್ಣೆಯಲ್ಲೇ ನಡೆದರು, ಬೂಟಿನ ಕಡೆ ನೋಡಿಕೊಳ್ಳಲಿಲ್ಲ. ಅದು ಹಿಡಿಸಿತು. ಮಾತು ಹಿಡಿಸಲಿಲ್ಲ.

"ಕಪ್ಪು, ಮಿಸೆಸ್ ಥರ್ಲೋ. ಮೇಲಿಂದ ಕೆಳಗೆ ಪೂರ್ತಿ. ಪಕ್ಕದಲ್ಲಿ ಏಣಿ."

ರಾತ್ರಿ ಫ್ರಾನ್ಸಿನ ಹೊಲಗಳಲ್ಲಿ ಇಳಿದು, ಗೂಢಚಾರರನ್ನು ಬಿಟ್ಟು, ಸಿಕ್ಕಿಬಿದ್ದವರನ್ನು ಕರೆತರುತ್ತಿದ್ದ ಲೈಸಾಂಡರ್‌ಗಳು ಹಾಗಿದ್ದವು. ಜನಕ್ಕೆ ಗೊತ್ತಿರುವುದು ಅವೇ.

"ಇದು ಫ್ರಾನ್ಸ್ ಕಂಡಿಲ್ಲ," ಎಂದೆ. "ಯುದ್ಧ ಮುಗಿಯೋವರೆಗೂ ಕೆನಡಾದಲ್ಲಿತ್ತು. ಹಿಂದೆ ಉದ್ದ ಹಗ್ಗ, ಹಗ್ಗದ ತುದೀಲಿ ಬಟ್ಟೆ ಚೀಲ. ಇದು ಎಳ್ಕೊಂಡು ಹೋಗೋದು, ಗುಂಡು ಹೊಡೆಯೋದು ಕಲಿಯೋ ಹುಡುಗರು ಆ ಚೀಲಕ್ಕೆ ಗುರಿ ಇಡೋದು. ಚೀಲ ಬಿಟ್ಟು ವಿಮಾನಕ್ಕೆ ಹೊಡೀಬಾರದಲ್ಲ, ಅದಕ್ಕೆ ಎದ್ದು ಕಾಣೋ ಹಾಗೆ ಹಳದಿ ಕಪ್ಪು ಪಟ್ಟೆ."

"ಕಣಜದ ಹುಳದ ಥರ."

"ಕಣಜದ ಥರಾನೇ."

"ನಾನು ಕಣಜ ಕೊಂಡಿಲ್ಲ, ಮಿಸೆಸ್ ಥರ್ಲೋ."

"ಕೊಂಡಿದ್ದೀರಿ. ಕಾಗದ ಸರಿಯಾಗಿ ಓದಿಲ್ಲ, ಅಷ್ಟೆ."

ರೊವೀನಾಗೆ ಕೆಮ್ಮು ಬಂತು. ಅವರು ಹೋದ ಮೇಲೆ ಕೆಮ್ಮು ನಿಂತಿತು.

"ಅದು ಅವರ ವಿಮಾನ ಅಮ್ಮಾ."

"ಹೊಲಿಗೆ ನನ್ನದು."

ಫೆಬ್ರವರಿ 9, ಮಂಗಳವಾರ

ಯುದ್ಧ ಮುಗಿದ ಮೇಲೆ ಯಾರೋ ಕೆನಡಾದ ರೈತ ಬಿಡಿಭಾಗಕ್ಕೆಂದು ಕೊಂಡು, ಬೂದು ಬಣ್ಣ ಬಳಿದು, ಕಣಜದಲ್ಲಿ... ಅಲ್ಲ, ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದನಂತೆ. ಮೋಟ್ರಮ್ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಡೆಸ್ ಮತ್ತು ನಾನು ಆ ಬೂದು ಬಣ್ಣ ಮೆಲ್ಲಗೆ ತೆಗೆದೆವು. ಅಡಿಯಲ್ಲಿ ಪಟ್ಟೆ. ಹಳದಿ, ಕಪ್ಪು, ಹಳದಿ. ಅಂಗೈಯಗಲ ತೆಗೆದಾಗಲೇ ಡೆಸ್ ಸಿಳ್ಳೆ ಹಾಕಿದ.

ಬಾಲದ ಬಳಿ ತೇಪೆಗಳು. ಗುಂಡಿನ ತೂತಿಗೆ ಹಾಕಿದವು. ಕಲಿಯುವ ಹುಡುಗರ ಗುರಿ ಎಷ್ಟು ಚೆನ್ನಾಗಿತ್ತೆಂದು ಲೆಕ್ಕ ಹಾಕಬಹುದು — ಹನ್ನೊಂದು. ಬಟ್ಟೆ ಬಿಚ್ಚಿ ಒಳಮೈ ತಿರುಗಿಸಿದೆ. ಪ್ರತಿ ತೇಪೆಯ ಪಕ್ಕ ಪೆನ್ಸಿಲಿನಲ್ಲಿ ತಾರೀಕು. ಕೆಳಗೆ ಎರಡು ಅಕ್ಷರ, ಇ. ಪಿ. ಹೊಲಿದ ಕೈ ಒಂದೇ. ಹೆಣ್ಣಿನ ಕೈ, ಎಡಗೈಯವಳು. ಗಂಟು ಬಲಕ್ಕೆ ವಾಲಿದೆ. ಎಂಟನೆಯ ತೇಪೆಯ ಪಕ್ಕ ತಾರೀಕಿನ ಜೊತೆ ಒಂದು ಮಾತು: "ಮತ್ತೆ ಅದೇ ಹುಡುಗ."

ಬಹಳ ಹೊತ್ತು ಓದಿಕೊಂಡು ನಿಂತಿದ್ದೆ. ಚಹಾ ಆರಿತು.

ಈ ಬಟ್ಟೆ ಇನ್ನು ಹಾರಲಾರದು. ಬೆರಳು ಒತ್ತಿದರೆ ಹರಿಯುತ್ತದೆ. ಹೊಸ ಲಿನನ್ ಹಾಕಲೇಬೇಕು. ಬಟ್ಟೆ ಉಳಿಯದಿದ್ದರೂ ಬಣ್ಣ ಉಳಿಸಬಹುದು. ಉಳಿಸುತ್ತೇನೆ.

ಫೆಬ್ರವರಿ 18, ಗುರುವಾರ

ಮೋಟ್ರಮ್ ಮತ್ತೆ ಬಂದರು. ಗೆದ್ದವರ ಮುಖ. ಕೆನಡಾದಿಂದ ಒಂದು ಹಳೆಯ ಫೋಟೊ ತರಿಸಿದ್ದಾರೆ. 1942. ಇದೇ ವಿಮಾನ, ಬಾಲದ ಮೇಲೆ ಇದೇ ನಂಬರು. ವಿಮಾನ ಪೂರ್ತಿ ಕಪ್ಪಗಿದೆ.

"ಪಟ್ಟೆ ಆಮೇಲೆ ಬಂದಿರಬೇಕು. ಮೊದಲು ಕಪ್ಪೇ ಇತ್ತು. ಈಗ ನಿಮ್ಮ ನಿಯಮ, ನನ್ನ ಇಷ್ಟ ಎರಡೂ ಒಂದೇ ಆಯ್ತಲ್ಲ?"

ರೊವೀನಾ ಫೋಟೊ ನೋಡಿ ನನ್ನ ಮುಖ ನೋಡಿದಳು. ಭೂತಗನ್ನಡಿ ತೆಗೆದುಕೊಂಡೆ. ಅರ್ಧ ನಿಮಿಷ ಸಾಕಾಯಿತು.

"ಪಕ್ಕದಲ್ಲಿರೋ ವಾಯುಪಡೆ ಗುರುತಿನ ವೃತ್ತ ನೋಡಿ. ನಡುವೆ ಕೆಂಪು, ಹೊರಗೆ ನೀಲಿ. ನೀಲಿ ಗಾಢ ಇರ್ಬೇಕು, ಅಲ್ವಾ? ಇಲ್ಲಿ ಬಿಳಿಚಿಕೊಂಡಿದೆ. ಕೆಂಪು ಇದ್ದಿಲಿನ ಹಾಗಿದೆ. ಆಗಿನ ಕೆಲವು ಫಿಲಮ್ಮಿಗೆ ಕೆಂಪು, ಹಳದಿ ಎರಡೂ ಕಾಣ್ತಿರಲಿಲ್ಲ. ಎರಡೂ ಕಪ್ಪಾಗೇ ಬೀಳ್ತಿದ್ವು. ಹಳದಿ ಕಪ್ಪು ಪಟ್ಟೆ ಇದ್ರೂ ಪೂರ್ತಿ ಕಪ್ಪೇ ಕಾಣೋದು. ಇದು ಹಳದಿ ವಿಮಾನ. ನಿಮ್ಮ ಫೋಟೊನೇ ಹೇಳ್ತಿದೆ."

ಅವರು ಕುರ್ಚಿಯಲ್ಲಿ ಕೂತರು. ಈಗ ಬೇರೆಯೇ ದನಿ.

"ನನ್ನನ್ನ ಸಾಕಿದ್ದು ದೊಡ್ಡಪ್ಪ. ನಲವತ್ಮೂರರಲ್ಲಿ ಫ್ರಾನ್ಸ್ ಮೇಲೆ ಅವರ ವಿಮಾನ ಬಿತ್ತು. ಹದಿಮೂರು ವಾರ ಒಂದು ಅಟ್ಟದಲ್ಲಿ ಇದ್ರು. ಕರ್ಕೊಂಡು ಬಂದಿದ್ದು ಕಪ್ಪು ಲೈಸಾಂಡರ್. ಅಂಥದ್ದೊಂದನ್ನ ನಾನು ಆಕಾಶದಲ್ಲಿ ನೋಡ್ಬೇಕು. ಕಾಗದದಲ್ಲಿ ಏನಿದೆ ಅನ್ನೋದು ನನಗೆ ಬೇಕಿಲ್ಲ."

"ಹಾಗಾದ್ರೆ ಅದನ್ನೇ ಹುಡುಕಿ ಕೊಳ್ಳಬೇಕಿತ್ತು. ಇದು ಬೇರೆ."

"ನೀವು ಮಾಡಲ್ಲ ಅಂದ್ರೆ ಬೇರೆ ಕಡೆ ಒಯ್ತೀನಿ. ತಿಂಗಳ ಕೊನೆಗೆ ಹೇಳಿ."

ಹೇಳುವುದೇನಿದೆ. ಒಯ್ಯಲಿ. ಅಂದರೆ ಆ ತೇಪೆಗಳೂ ಹೋಗುತ್ತವೆ, ಯಾವುದೋ ಶೆಡ್ಡಿನ ಕಸದ ಡಬ್ಬಕ್ಕೆ.

ಫೆಬ್ರವರಿ 19, ಶುಕ್ರವಾರ, ಬೆಳಿಗ್ಗೆ 11

ಡೆಸ್ ಬೇಕನ್ ಸ್ಯಾಂಡ್‌ವಿಚ್ ತಿನ್ನುತ್ತಾ ಕೇಳಿದ.

"ಯಜಮಾನಮ್ಮ, ಆ ಫಿಲಮ್ಮಿನ ವಿಷಯ ನಿಂಗೆ ಗೊತ್ತಾಗಿದ್ದು ಯಾವಾಗ?"

"ತೊಂಬತ್ತೆಂಟರಲ್ಲಿ. ಒಬ್ಬ ಮುದಿ ಫೋಟೊಗ್ರಾಫರ್ ಹೇಳಿಕೊಟ್ಟಿದ್ದು."

"ಲೇಸಿಯವರ ಟೈಗರ್ ಮಾತ್ ಮಾಡಿದ್ದು ತೊಂಬತ್ತೊಂದರಲ್ಲಿ."

"ಅದಕ್ಕೇನೀಗ?"

"ಏನಿಲ್ಲ. ಸಾಸ್ ಕೊಡು."

ಸಂಜೆ 4

ಫೈಲು ತೆಗೆದೆ. ಲೇಸಿ ದಂಪತಿಯ ಟೈಗರ್ ಮಾತ್, ಪೈಲಟ್‌ಗಳಿಗೆ ಹಾರಲು ಕಲಿಸಿದ ವಿಮಾನ. ಗಂಡ ಜೆರಾಲ್ಡ್ ಅದರಲ್ಲೇ ಕಲಿತು ಆಮೇಲೆ ಅದನ್ನೇ ಕೊಂಡವರು. ಅವರು ತೀರಿದ ಮೇಲೆ ಹೆಂಡತಿ ದುರಸ್ತಿಗೆ ನಮಗೆ ಕೊಟ್ಟರು. ಹಳೆಯ ಬಣ್ಣ ಚೂರೂ ಉಳಿದಿರಲಿಲ್ಲ. ಒಂದು ಫೋಟೊ ಇತ್ತು, ಕಪ್ಪಗೆ. ಅಷ್ಟು ಗಾಢವೆಂದರೆ ಯುದ್ಧಕಾಲದ ಕಂದು ಹಸಿರು ಎಂದು ತೀರ್ಮಾನಿಸಿದೆ. ಮಿಸೆಸ್ ಲೇಸಿ ಹಳದಿ ಎಂದರು. ಫೋಟೊ ಸುಳ್ಳು ಹೇಳುವುದಿಲ್ಲ ಎಂದೆ. ಅದಕ್ಕೆ ಬಹುಮಾನವೂ ಬಂತು.

ಭೂತಗನ್ನಡಿ ಹಿಡಿದೆ.

ನೀಲಿ ಬಿಳಿಚಿಕೊಂಡಿದೆ. ಕೆಂಪು ಇದ್ದಿಲು.

ಮಾರ್ಚ್ 7, ಸೋಮವಾರ

ಹದಿನೇಳು ದಿನ ಬರೆಯಲಿಲ್ಲ. ಆರೋಗ್ಯ ಚೆನ್ನಾಗಿದೆ. ಬರೆಯುವ ಮನಸ್ಸಿರಲಿಲ್ಲ. ಮೋಟ್ರಮ್‌ಗೆ ಇನ್ನೆರಡು ವಾರ ಬೇಕು ಎಂದು ಮಾತ್ರ ಹೇಳಿಸಿದ್ದೆ.

ಇವತ್ತು ಕಾರು ತೆಗೆದುಕೊಂಡು ಮಿಸೆಸ್ ಲೇಸಿ ಮನೆಗೆ ಹೋದೆ. ಅವರಿಗೀಗ ತೊಂಬತ್ತೊಂದು ವರ್ಷ. ಸೊಸೆ ಚಹಾ ತಂದಿಟ್ಟು ಹೋದಳು. ಪೀಠಿಕೆ ಹಾಕಲಿಲ್ಲ.

"ನಿಮ್ಮ ವಿಮಾನ ಹಳದಿ ಇತ್ತು."

"ಇತ್ತು." ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. "ಕಸ್ಟರ್ಡ್ ಬಣ್ಣ ಅಂತಿದ್ರು ಜೆರಾಲ್ಡ್. ನಿಂಗೂ ಹೇಳಿದ್ದೆ, ಎನಿಡ್."

"ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಿತ್ತು."

"ಏನಂತ ಹೇಳ್ಲಮ್ಮ? ನಿನ್ನ ಕೈಲಿ ಭೂತಗನ್ನಡಿ ಇತ್ತು. ನನ್ನ ಹತ್ರ ಇದ್ದದ್ದು ಗಂಡನ ಮಾತು, ಗಂಡನೂ ಇರಲಿಲ್ಲ."

ಅವರೇ ಮುಂದುವರಿಸಿದರು.

"ವಿಮಾನ ಮನೆಗೆ ಬಂದ ದಿನ ನೋಡಿದೆ. ಹೊಲಿಗೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಬಾಯಿ ಬಿಡೋಕೆ ನಾಚಿಕೆ ಆಯ್ತು. ಇಪ್ಪತ್ತೈದು ವರ್ಷ ಯಾರದೋ ವಿಮಾನ ಹಾರ್ತಿದೆ ಅಂದ್ಕೊಂಡೇ ಕೈ ಬೀಸ್ತಿದ್ದೆ."

ಕ್ಷಮಿಸಿ ಎನ್ನುವ ಮಾತು ನನಗೆ ರೂಢಿಯಿಲ್ಲ. ಆದರೂ ಅಂದೆ. ಬಣ್ಣ ಮತ್ತೆ ಹೊಡೆದುಕೊಡುತ್ತೇನೆ, ಮೊದಲ ಕೆಲಸ ಅದೇ ಎಂದೂ ಅಂದೆ.

"ಬೇಗ ಹೊಡಿ," ಎಂದರು. "ಕಾಯೋಕೆ ನಂಗೆ ಪುರುಸೊತ್ತಿಲ್ಲ."

ಮಾರ್ಚ್ 8, ಮಂಗಳವಾರ

ಮೋಟ್ರಮ್‌ಗೆ ಪತ್ರ ಬರೆದೆ. ಲೇಸಿ ವಿಮಾನದ ಕಥೆ ಪೂರ್ತಿ, ಒಂದು ಸಾಲೂ ಮೆತ್ತಗೆ ಮಾಡದೆ. ಕೊನೆಗೆ: ನಿಮ್ಮ ಲೈಸಾಂಡರ್ ಬಗ್ಗೆ ನಾನು ಹೇಳಿದ್ದು ಸರಿ. ಅದರಲ್ಲಿ ಬದಲಿಲ್ಲ. ಆದರೆ ಮಾಲೀಕರ ಬಾಯಿ ಮುಚ್ಚಿಸಿ ಒಮ್ಮೆ ಕೆಲಸ ಕೆಡಿಸಿದ್ದೇನೆ. ಬಂದು ಬಟ್ಟೆ ನೋಡಿ. ನೋಡಿದ ಮೇಲೆ ನೀವು ಹೇಳಿದ ಬಣ್ಣ. ವಿಮಾನದ ದಾಖಲೆ ಪುಸ್ತಕದಲ್ಲಿ ಅದು ಏನಾಗಿತ್ತು, ನಾವು ಏನು ಮಾಡಿದೆವು, ಯಾರು ಹೇಳಿ ಮಾಡಿದೆವು, ಮೂರನ್ನೂ ಬರೆಯುತ್ತೇನೆ.

ರೊವೀನಾ ಓದಿದಳು. ಎರಡು ಸಲ.

"ನೀನೇ ಬರೆದದ್ದಾ?"

"ಅಂಚೆಗೆ ಹಾಕು. ಓದು ಸಾಕು."

ಹೊರಗೆ ಹೋಗಿ ಡೆಸ್‌ಗೆ ಹೇಳಿದಳೆಂದು ಕಾಣುತ್ತದೆ. ಮಧ್ಯಾಹ್ನವಿಡೀ ನನ್ನನ್ನು ಎನಿಡ್ ಎಂದು ಕರೆದ. ಅವನಿಗೇ ಕಸಿವಿಸಿಯಾಗಿ ಸಂಜೆ ಬಿಟ್ಟ.

ಮಾರ್ಚ್ 15, ಮಂಗಳವಾರ

ಮೋಟ್ರಮ್ ಬಂದರು. ಪತ್ರದ ಮಾತೆತ್ತಲಿಲ್ಲ. ಮರ್ಯಾದಸ್ಥರು.

ಉದ್ದ ಮೇಜಿನ ಮೇಲೆ ಬಟ್ಟೆಯ ಒಳಮೈ ಮೇಲೆ ಮಾಡಿ ಹಾಸಿದ್ದೆ. ಒಂದೊಂದೇ ತಾರೀಕು ಓದಿದರು. ಎಂಟನೆಯದರ ಬಳಿ ನಿಂತರು.

"ಹೊಡೆದೋರು ನಮ್ಮ ಹುಡುಗರೇನಾ?"

"ನಮ್ಮವರೇ."

"ಓಡಿಸ್ತಿದ್ದವನು ಮಾರನೇ ದಿನ ಮತ್ತೆ ಹತ್ತುತಿದ್ನಾ?"

"ಹತ್ತದೇ ಇದ್ರೆ ಹನ್ನೊಂದು ತಾರೀಕು ಎಲ್ಲಿಂದ ಬರ್ತಿತ್ತು? ಹಿಂದೆ ಹಗ್ಗ ಬಿಡೋನು ಒಬ್ಬ ಕೂತಿರ್ತಿದ್ದ. ತೇಪೆಗಳೆಲ್ಲ ಅವನ ಬೆನ್ನ ಹಿಂದೆ."

ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಪಟ್ಟೆ ಎನ್ನುತ್ತಾರೆ ಎಂದುಕೊಂಡೆ. ಒಳಗೊಳಗೇ ಗೆದ್ದೂ ಬಿಟ್ಟಿದ್ದೆ.

"ದೊಡ್ಡಪ್ಪನ್ನ ಒಂದ್ಸಲ ಕೇಳಿದ್ದೆ, ಆ ವಿಮಾನ ಹೇಗಿತ್ತು ಅಂತ," ಎಂದರು. "ಕಾಣಲೇ ಇಲ್ಲ ಮಗು ಅಂದ್ರು. ಸದ್ದು ಕೇಳ್ತು, ಏಣಿ ಕೈಗೆ ಸಿಕ್ತು. ಅವರಿಗೇ ಕಾಣಲಿಲ್ಲ ಅಂದ ಮೇಲೆ ಜರ್ಮನರಿಗೂ ಕಾಣಲಿಲ್ಲ. ಅದಕ್ಕೇ ಅವರು ಮನೆಗೆ ಬಂದ್ರು, ನಾನು ಅವರ ಮನೇಲಿ ಬೆಳೆದೆ. ಕಪ್ಪೇ ಹೊಡೀರಿ, ಮಿಸೆಸ್ ಥರ್ಲೋ."

"ಸರಿ," ಎಂದೆ. ಆ ಎರಡಕ್ಷರಕ್ಕೆ ಎಷ್ಟು ಬಲ ಬೇಕಾಯಿತೆಂದು ರೊವೀನಾಗೆ ಗೊತ್ತು.

"ಆದ್ರೆ ಈ ಹನ್ನೊಂದು ತೇಪೆ ಹೊಸ ಬಟ್ಟೆ ಮೇಲೆ ಅದೇ ಜಾಗದಲ್ಲಿ ಹೊಲಿದು ಕೊಡಿ."

"ಆಗಲ್ಲ."

"ಮತ್ತೆ ಶುರು ಮಾಡಿದ್ರಾ?"

"ತೂತಿಲ್ಲದ ಕಡೆ ತೇಪೆ ಹಾಕೋಳಲ್ಲ ನಾನು. ಕಪ್ಪು ನಿಮ್ಮ ಇಷ್ಟ, ನಿಮ್ಮ ಹೆಸರಲ್ಲೇ ಬರೀತೀನಿ. ಸುಳ್ಳು ತೇಪೆಯನ್ನ ಯಾರ ಹೆಸರಲ್ಲಿ ಬರೀಲಿ?"

ರೊವೀನಾ ನಡುವೆ ಬಂದಳು. "ಹಿಂದಿನ ಸೀಟಿನ ಬೆನ್ನಿಗೆ ಒಳಗಡೆಯಿಂದ ಕಟ್ಟಿದ್ರೆ? ಹಳೇ ಬಟ್ಟೆ ಹಳೇ ಬಟ್ಟೆಯಾಗೇ ಇರುತ್ತೆ. ಹಗ್ಗದವನು ಕೂರ್ತಿದ್ದ ಜಾಗ."

ಇಬ್ಬರೂ ಅವಳ ಕಡೆ ತಿರುಗಿದೆವು. ಚೌಕಟ್ಟಿಗೆ ನಾನೇ ಹೊಲಿಯುತ್ತೇನೆ ಎಂದೆ. ಅವಳ ಗಂಟು ನಂಬುವ ಹಾಗಿಲ್ಲ.

ಏಪ್ರಿಲ್ 20, ಬುಧವಾರ

ಟೈಗರ್ ಮಾತ್ ಒಣಗಿತು. ಮಿಸೆಸ್ ಲೇಸಿಯನ್ನು ಸೊಸೆ ಕರೆತಂದಳು. ಹಳದಿಯ ಸುತ್ತ ಊರುಗೋಲಿನಲ್ಲಿ ಒಂದು ಸುತ್ತು. ಹನ್ನೆರಡು ನಿಮಿಷ.

"ಕಸ್ಟರ್ಡಿಗೆ ಸ್ವಲ್ಪ ಹಾಲು ಜಾಸ್ತಿ ಆಯ್ತು," ಎಂದರು.

ಡೆಸ್ ಬಣ್ಣದ ಪಟ್ಟಿ ತರಲು ಹೊರಟ. ಊರುಗೋಲು ಅಡ್ಡ ಹಿಡಿದು ನಿಲ್ಲಿಸಿದರು. ತಮಾಷೆಯಂತೆ. ಆಮೇಲೆ ಕೆಳರೆಕ್ಕೆಗೆ ಕೈಯಿಟ್ಟು ನಿಂತರು. ನಾವು ಹೊರಗೆ ಬಂದೆವು.

ಬಹುಮಾನದ ಫಲಕ ಕೊಟ್ಟವರಿಗೆ ವಾಪಸು ಕಳಿಸಿದೆ, ಕಾರಣ ಬರೆದು.

ಮೇ 12, ಗುರುವಾರ, ಬೆಳಿಗ್ಗೆ 10.30

ಲೈಸಾಂಡರಿಗೆ ಇವತ್ತು ಕಪ್ಪು. ಹಗ್ಗದವನ ಬೆನ್ನ ಬಟ್ಟೆ ನಿನ್ನೆಯೇ ಕೂರಿಸಿದೆ. ಒಳಗೆ ತಲೆ ಹಾಕಿದರೆ ಹಳದಿ, ಇ. ಪಿ.ಯ ಎಡಗೈ ಗಂಟುಗಳ ಪಕ್ಕ ನನ್ನ ಬಲಗೈ ಗಂಟುಗಳು. ಅವಳದ್ದು ನನ್ನದಕ್ಕಿಂತ ಬಿಗಿ. ಬರೆದಿಡುತ್ತೇನೆ, ಯಾರಿಗೂ ಹೇಳುವುದಿಲ್ಲ.

ಈಗಲೂ ಕೇಳಿದರೆ ಪಟ್ಟೆಯೇ ಸರಿ ಎನ್ನುತ್ತೇನೆ. ದಾಖಲೆ ಪುಸ್ತಕದಲ್ಲಿ ಮೂರು ಸಾಲು ಬರೆದೆ, ಮೋಟ್ರಮ್ ಕೆಳಗೆ ಸಹಿ ಹಾಕಿದರು.

ಹಳೆಯ ಪ್ಯಾಂಟು ಹಾಕಿಕೊಂಡು ಬಂದಿದ್ದಾರೆ. ತಾವೂ ಒಂದು ಕೈ ಹೊಡೆಯಬೇಕಂತೆ. ಮಾಲೀಕರು, ಹೊಡೆಯಲಿ. ಕುಂಚದಗಲದ ಮೊದಲ ಗೆರೆ ನಾನು ಎಳೆದು ತೋರಿಸಿದೆ. "ಈ ಕೊನೆಯಿಂದ ಆ ಕೊನೆಗೆ. ಒದ್ದೆ ಅಂಚು ಒಣಗೋಕೆ ಬಿಡಬಾರದು. ನಡುವೆ ಎಲ್ಲೂ ನಿಲ್ಲಿಸಬಾರದು." ಮೂರು ಸಲ ಹೇಳಿದ್ದೇನೆ. ಕುಂಚ ಕೊಟ್ಟು ಚಹಾಕ್ಕೆ ಕೂತೆ.

ಕಿಟಕಿಯಿಂದ ಕಾಣುತ್ತಿದೆ. ಪರವಾಗಿಲ್ಲ, ಮಣಿಕಟ್ಟು ಸಡಿಲವಿದೆ. ಬಾಲದ ತನಕ ಬಂದರು... ಅಲ್ಲೇ, ತೇಪೆಗಳಿದ್ದ ಜಾಗದಲ್ಲಿ ನಿಂತುಬಿಟ್ಟಿದ್ದಾರೆ. ಕುಂಚ ಕೈಯಲ್ಲೇ ಇದೆ. ಏನು ಯೋಚನೆಯೋ. ಡೆಸ್ ಬಾಯಿ ಬಿಡುತ್ತಿಲ್ಲ, ರೊವೀನಾಳೂ ಇಲ್ಲ. ಅಂಚು ಒಣಗುತ್ತಿದೆ — ಯಾರೂ ಹೇಳದಿದ್ದರೆ ನಾನೇ ಹೋಗಿ...