ಹಿಮೆಜಿಗಾಗಿ ಅತ್ತ ಆಂಟಿ

ದೊಡ್ಡಪ್ಪಾ,

ಅಡಿಲೇಡಿನಲ್ಲಿ ಜಪಾನಿನ ಹಿಮೆಜಿ ಊರಿನ ಹೆಸರಲ್ಲೊಂದು ತೋಟವಿದೆ. ನನಗೆ ರೂಮು ಬಾಡಿಗೆಗೆ ಕೊಡಲಿದ್ದ ವಸುಧಾ ಆಂಟಿ ಅಲ್ಲಿಗೆ ಕರೆದೊಯ್ದು, ಹಿಮೆಜಿಯ ಬಿಳಿ ಕೋಟೆಯನ್ನೂ ದೊರೆಗಳನ್ನೂ ಕೊಂಡಾಡಿದರು. ಅದೇ ಊರಿನ ಮುದುಕಿ ಮಿಚಿಕೊ ಪಕ್ಕದಲ್ಲೇ ಕೂತಿದ್ದಳು. ಆ ದೊರೆಗಳ ಕವಚಕ್ಕೆ ಚರ್ಮ ಹದ ಮಾಡಿದ ತನ್ನ ಹಿರಿಯರನ್ನು ಊರಾಚೆ ಇಟ್ಟಿದ್ದರು ಎಂದಳು.

"ಅಯ್ಯೋ, ಹೌ ಕ್ರೂಯಲ್!" ಆಂಟಿ ಕಣ್ಣೊರೆಸಿಕೊಂಡರು.

"ನಮ್ಮ ದೊಡ್ಡಪ್ಪಂದೂ ಅದೇ ಕೆಲ್ಸ ಆಂಟಿ" ಎಂದೆ.

ಕಾರು ಮನೆ ಮುಟ್ಟುವಷ್ಟರಲ್ಲಿ ರೂಮು ಬೇರೆಯವರಿಗೆ ಹೋಗಿತ್ತಂತೆ. ದಾರಿಯಲ್ಲಿ ಒಂದು ಫೋನೂ ಬಂದಿರಲಿಲ್ಲ. ಪಾಪ, ಜಪಾನಿಗಾಗಿ ಅತ್ತು ಕಣ್ಣೀರು ಖಾಲಿಯಾಗಿರಬೇಕು.

ಆರೋಗ್ಯ ಚೆನ್ನಾಗಿದೆ. ವಿಷಯ ತಿಳಿದ ಮಿಚಿಕೊ ರೂಮು ಕೊಟ್ಟಳು, ಈಗ ಅವಳ ಮನೆಯಲ್ಲಿದ್ದೇನೆ. ಮೊದಲ ದಿನ ನಾನು ಹೊಸಿಲಲ್ಲಿ ಬಿಟ್ಟ ಚಪ್ಪಲಿಯನ್ನು ಅವಳು ಕೈಗೆತ್ತಿಕೊಂಡು, ಹೊಲಿಗೆ ಸವರಿ, ಯಾರು ಮಾಡಿದ್ದೆಂದು ಕೇಳಿದಳು. ನಿನ್ನ ಹೆಸರು ಹೇಳಿದೆ. ಅವಳಿಗೆ ಅಷ್ಟೇ ಸಾಕಾಯಿತು.

ಸಮತಾ