ರಿಫಾದ ಮನೆಯ ವಾಸನೆ

ಅಬ್ಬೀ,

ನಿನಗೆ ನಾನು ಯಾವತ್ತೂ ಕಾಗದ ಬರೆದವನಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ ಹೇಗಿರುತ್ತದೆ ಎಂದು ನಿನಗೆ ಗೊತ್ತು. ತಪ್ಪಿದ್ದರೆ ಇರಲಿ, ನೀನೇನು ತಿದ್ದುವವಳಲ್ಲ. ನಾನೀಗ ಬಹರೈನಿನಲ್ಲಿದ್ದೇನೆ. ಹೌದು, "ಅಲ್ಲಿಗ್ ಮಾತ್ರ ಹೋಗ್ಬ್ಯಾಡ ಮಗಾ" ಎಂದು ನೀನು ಹೇಳಿದ್ದೆಯಲ್ಲ, ಅಲ್ಲಿಗೇ ಬಂದೆ. ನೀನು ತೀರಿಹೋದ ಮೇಲೆ ರಾಯರೇ ಫೋನು ಮಾಡಿ, ಗಿರಿಜಳ ಮಗ ಊರಲ್ಲಿ ಸುಮ್ಮನೆ ತಿರುಗುವುದು ಬೇಡ ಎಂದು ತಮ್ಮ ಸ್ನೇಹಿತರ ಏಸಿ ವರ್ಕ್‌ಶಾಪಿಗೆ ವೀಸಾ ಮಾಡಿಸಿಕೊಟ್ಟರು. ಮೀನಾ ಸಲ್ಮಾನಿನಲ್ಲಿ ವರ್ಕ್‌ಶಾಪು, ಅದರ ಹಿಂದೆಯೇ ನಮ್ಮ ರೂಮು. ಇಲ್ಲಿನ ರಿಫಾದಲ್ಲಿ ನೀನು ವರ್ಷಗಟ್ಟಲೆ ಅಡುಗೆ ಮಾಡಿ ನೆಲ ಒರೆಸಿದ ಮನೆಯ ರಾಯರ ದಯೆ ಇದು. ಇಂಥ ದಯೆ ಗಂಟಲಲ್ಲಿ ಇಳಿಯುತ್ತದೆಯೇ, ನೀನೇ ಹೇಳು.

ನೀನು ಮೊದಲ ಸಲ ರಜೆಗೆ ಬಂದ ದಿನ ನೆನಪಿದೆಯಾ? ನಾನು ಅಂಗಳದಿಂದಲೇ ಓಡಿಬಂದೆ. ನೀನು ಎರಡು ಹೆಜ್ಜೆ ಹಿಂದೆ ಸರಿದೆ. "ಹತ್ರ ಬರ್ಬ್ಯಾಡ ಮಗಾ, ಮಿಂದ್ಕಂಡ್ ಬತ್ತೆ" ಎಂದು ಬಚ್ಚಲಿಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಮೈಯೆಲ್ಲ ಡೆಟಾಲ್. ಸಂಜೆ ಮತ್ತೆ ಮಿಂದೆ. ಮಲಗುವ ಮುಂಚೆ ಮತ್ತೆ. ಬಂಗುಡೆ ಸಾರು ಮಾಡಿದರೆ ತಟ್ಟೆ ಮುಟ್ಟಲಿಲ್ಲ. ಅಜ್ಜಿ ಬಿಡುತ್ತಾಳಾ? "ಕಡ್ಲ್ ಬದಿ ಹೆಣ್ಣಿಗೆ ಮೀನ್ ಆತಿಲ್ಯಾ? ಅಲ್ಲಿಂದ ಭಟ್ರಾಯಿ ಬಂದ್ಯಾ?" ಎಂದು ನಕ್ಕಳು. ನೀನು ನಗಲಿಲ್ಲ. "ನನ್ನ ಮೈಯಗೆ ವಾಸ್ನಿ ಇತ್ತ್ ಅಂಬ್ರ್, ಅತ್ತೆ" ಅಂದೆ. ಆಮೇಲೆ ಅಜ್ಜಿಯೂ ನಗಲಿಲ್ಲ.

ಆ ಕತೆಯನ್ನು ನೀನು ಒಂದೇ ಸಲ ಹೇಳಲಿಲ್ಲ. ಅಕ್ಕಿ ಆರಿಸುತ್ತಾ ಒಂದು ತುಂಡು, ಬಟ್ಟೆ ಒಗೆಯುತ್ತಾ ಒಂದು ತುಂಡು. ರಾಯರ ಮನೆಯ ಯಜಮಾನ್ತಿ ಮೀನು ತಿನ್ನದವರು. ಹಾಲಿನಲ್ಲಿ ನೆಂಟರು ಕೂತಿದ್ದಾಗ ಕೊಳೆತ ಒಣಮೀನಿನ ಹಾಗೆ ಒಂದು ವಾಸನೆ ಬರುತ್ತಿತ್ತಂತೆ. ಅವರು ಸ್ಪ್ರೇ ಹೊಡೆದು, "ಬೇಜಾರು ಮಾಡ್ಕೊಳ್ಬೇಡಿ, ನಮ್ಮ ಗಿರಿಜ ಕಡಲ ಬದಿಯವಳು. ಎಷ್ಟು ತೊಳೆದ್ರೂ ಹೋಗುದಿಲ್ಲ" ಎಂದು ನಗುತ್ತಿದ್ದರಂತೆ. ನೀನು ಅಲ್ಲೇ ಚಾ ಹಿಡಿದುಕೊಂಡು ನಿಂತಿರುತ್ತಿದ್ದೆ. ಚಳಿಗಾಲದಲ್ಲಿ ವಾಸನೆ ಇರುತ್ತಿರಲಿಲ್ಲ. ಅದಕ್ಕೂ ಅವರ ಹತ್ತಿರ ಉತ್ತರವಿತ್ತು: "ಚಳಿಗೆ ಬೆವರುದಿಲ್ಲ ಅಲ್ವಾ, ಅದಕ್ಕೆ." ಹಿಂದುಗಡೆಯ ನಿನ್ನ ಕೋಣೆಯಲ್ಲೂ ವಾಸನೆ ಇರಲಿಲ್ಲ. ಅದಕ್ಕೆ ನೀನೇ ಉತ್ತರ ಹುಡುಕಿಕೊಂಡೆ. "ಅವ್ರ್ ಮನಿ ಅಷ್ಟ್ ಚೊಕ್ಕ ಅಲ್ದಾ, ಅಲ್ಲ್ ಹೋದ್ರೆ ನನ್ ವಾಸ್ನಿ ನಂಗೇ ಗೊತ್ತಾತ್ತ್." ಎಂಥ ಲೆಕ್ಕ ಅಬ್ಬಿ ಅದು? ಇನ್ನೊಬ್ಬರ ಮನೆ ಚೊಕ್ಕ ಎಂದು ಒಪ್ಪಿಕೊಳ್ಳಲು ನಿನಗೆ ನಿನ್ನ ಮೈಯನ್ನೇ...

ಶಾಲೆಯಲ್ಲಿ ಒಬ್ಬ ನನ್ನ ಪಕ್ಕ ಕೂತು ಮೀನು ವಾಸನೆ ಎಂದು ಮೂಗು ಮುಚ್ಚಿಕೊಂಡ ದಿನ ನೀನು ರಜೆಯಲ್ಲಿದ್ದೆ. ನಾನು ಅವನ ಮೂಗು ಒಡೆದೆ. ಹೆಡ್‌ಮಾಸ್ತರು ನಿನ್ನನ್ನು ಕರೆಸಿದರು. ನೀನು ಜಗಳ ಮಾಡುತ್ತೀ ಎಂದು ಕಾದೆ. ನೀನು ಆ ಹುಡುಗನ ತಾಯಿಗೆ ಕೈ ಮುಗಿದು, ನನಗೆ, "ನಾಳೆಯಿಂದ ಸರೀ ಮಿಂದ್ಕಂಡ್ ಬಾ" ಅಂದೆ. ಆ ನಾಳೆ ನಾನು ಶಾಲೆಗೆ ಹೋಗಲಿಲ್ಲ. ಮತ್ತೆಂದೂ ಹೋಗಲಿಲ್ಲ. ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ, ಕೈ ಮುಗಿದ ನಿನ್ನ ಮೇಲೆ.

ಕೊನೆಗೆ ಯಜಮಾನ್ತಿ ಆ ವಾಸನೆಯ ಕಾರಣಕ್ಕೇ ನಿನ್ನನ್ನು ಊರಿಗೆ ಕಳಿಸಿದರು. ನೀನು ಹೆಚ್ಚು ದಿನ ಬದುಕಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮೈಯೆಲ್ಲ ಜ್ವರ, ಸೂಜಿ ಚುಚ್ಚಲು ಬಂದ ನರ್ಸಿಗೆ ನೀನು ಹೇಳಿದ್ದು ಕೇಳಿಸಿಕೊಂಡೆ: "ಒಂಚೂರ್ ದೂರ ನಿಲ್ಲಿ ಅಕ್ಕಾ, ನನ್ ಮೈ ವಾಸ್ನಿ." ಆ ಹುಡುಗಿ ಪಾಪ, "ಎಂತ ವಾಸನೆ ಅಮ್ಮ, ಎಂತದೂ ಇಲ್ಲ" ಅಂದಳು. ನೀನು ನಂಬಲಿಲ್ಲ. ಯಜಮಾನ್ತಿ ಹೇಳಿದ್ದನ್ನು ನಂಬಿದ ಮೇಲೆ ನರ್ಸಿನ ಮಾತು ಯಾವ ಲೆಕ್ಕ?

ಈ ಬೇಸಿಗೆಯಲ್ಲಿ ಹಮೀದ್‌ಕಾಕ ವ್ಯಾನು ಹತ್ತುತ್ತಾ, "ಇವತ್ತು ರಿಫಾ. ರಾಯರ ವಿಲ್ಲಾ. ಹಳೇ ಮನೆ, ತಂಪು ಬರುದಿಲ್ಲಂತೆ" ಅಂದರು. ಕಾಕ ಬಂಟ್ವಾಳದವರು, ಡಕ್ಟಿನ ಕೆಲಸದಲ್ಲೇ ಗಡ್ಡ ಬೆಳ್ಳಗಾದವರು, ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಬಾಗಿಲು ತೆರೆದದ್ದು ಸುಜಾತ, ಕಡಪದ ಕಡೆಯವಳು, ಈಗ ನಿನ್ನ ಜಾಗದಲ್ಲಿರುವವಳು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯಿತು. ನೀನು ಹೇಳಿದ್ದ ಅದೇ ಒಣಮೀನು. ನೀನು ಆ ಮನೆ ಬಿಟ್ಟು ಎಷ್ಟು ಕಾಲವಾಯಿತು, ಮಣ್ಣಿಗೆ ಹೋಗಿ ಎಷ್ಟು ಕಾಲವಾಯಿತು, ವಾಸನೆ ಮಾತ್ರ ಅಲ್ಲೇ ಇತ್ತು.

ಯಜಮಾನ್ತಿ ಮಾಳಿಗೆಯಿಂದ ಇಳಿದು ಬಂದರು. ನನ್ನ ಮುಖದಲ್ಲಿ ಮಾಸ್ಕು, ಗುರುತು ಸಿಗಲು ಅವರು ನನ್ನನ್ನು ಕಂಡವರೂ ಅಲ್ಲ. "ಹಾಲಿಗೆ ತಂಪೇ ಇಲ್ಲ, ನೋಡಿ. ಧೂಳು ಬೇರೆ. ಮತ್ತೆ ಈ ವಾಸನೆ... ಅದು ಏಸಿದ್ದಲ್ಲ ಬಿಡಿ, ಅದು ಇವಳದ್ದು" ಎಂದು ಸುಜಾತಳ ಕಡೆ ಗಲ್ಲ ಎತ್ತಿ ತೋರಿಸಿದರು. "ಈ ತಿಂಗಳು ನೋಡ್ತೇನೆ. ಸರಿಯಾಗದಿದ್ರೆ ಕಳಿಸಿಬಿಡುದು." ಅವರು ಆಚೆ ಹೋದ ಮೇಲೆ ಸುಜಾತ ತನ್ನ ಮುಂಗೈ ಮೂಸಿ ನೋಡಿದಳು. "ತೀನ್ ಬಾರ್ ನಹಾತೀ ಹೂಂ ಭಯ್ಯಾ," ಅಂದಳು, ನನ್ನ ಮುಖ ನೋಡದೆ. ದಿನಕ್ಕೆ ಮೂರು ಸಲ. ನಿನ್ನ ಹಾಗೆಯೇ.

ಏಸಿಗೆ ಎರಡು ದಾರಿ ಅಬ್ಬಿ. ಒಂದು ಡಕ್ಟು, ಅಂದರೆ ತಗಡಿನ ಕೊಳವೆ, ತಣ್ಣನೆ ಗಾಳಿಯನ್ನು ಕೋಣೆಗಳಿಗೆ ತಳ್ಳುತ್ತದೆ. ಇನ್ನೊಂದು ಮನೆಯ ಗಾಳಿಯನ್ನು ಎಳೆದು ಮೆಷಿನ್ನಿಗೆ ವಾಪಸ್ ಕೊಡುತ್ತದೆ, ಅದಕ್ಕೆ ರಿಟರ್ನ್ ಅಂತಾರೆ. ತಳ್ಳುವುದು ಹರಿದರೆ ತಂಪು ಸೋರಿಹೋಗುತ್ತದೆ, ಅಷ್ಟೆ. ಎಳೆಯುವುದು ಹರಿದರೆ ಸುತ್ತ ಏನಿದೆಯೋ ಅದನ್ನೆಲ್ಲ ಎಳೆದು ಮನೆಗೆಲ್ಲ ಹಂಚುತ್ತದೆ. ನಾವು ಪ್ಯಾಸೇಜಿನ ಸೀಲಿಂಗ್ ಬಿಚ್ಚಿ ಮೇಲೆ ತೂರಿದೆವು. ಬೆಂಕಿಯಂಥ ಸೆಕೆ. ಕಾಕ ಊದುಬತ್ತಿ ಹಚ್ಚಿ ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿದುಕೊಂಡು ಹೋದರು. ಒಂದು ಕಡೆ ಹೊಗೆ ಹಿಂದಕ್ಕೆ ಚದುರಿತು. ಅಲ್ಲಿಂದ ತಂಪು ಸೋರುತ್ತಿತ್ತು. ಮುಂದೆ ಪೈಪುಗಳು ಇಳಿಯುವ ಸಂದಿಯ ಪಕ್ಕ ರಿಟರ್ನಿನ ಜಾಯಿಂಟು. ಅಲ್ಲಿ ಹಿಡಿದರೆ ಹೊಗೆ ಸರ್ರನೆ ಒಳಗೆ, ಯಾರೋ ಬೀಡಿ ಎಳೆದ ಹಾಗೆ.

ಟಾರ್ಚ್ ಹಾಕಿ ನೋಡಿದರೆ ಕೈ ತೂರುವಷ್ಟು ಸೀಳು. ಬಟ್ಟೆಯ ಟೇಪು ಒಣಗಿ ಹಪ್ಪಳವಾಗಿ ನೇತಾಡುತ್ತಿತ್ತು. ಅದರ ಪಕ್ಕದಲ್ಲೇ, ಮೊಳದಷ್ಟು ದೂರವೂ ಇಲ್ಲ, ಮೇಲಿನ ಬಾತ್‌ರೂಮಿನಿಂದ ಇಳಿದ ಕಕ್ಕಸಿನ ಪೈಪು. ಅದು ತಿರುಗುವ ಕಡೆಯ ಬೆಂಡು ಒಡೆದು ಬಾಯಿ ಬಿಟ್ಟಿತ್ತು. ಅಲ್ಲಿಂದ ಬರುವ ನಾತ ಆ ಸೀಳಿನೊಳಗೆ ಹೋಗಿ, ಮೆಷಿನ್ನಿನಲ್ಲಿ ತಣ್ಣಗಾಗಿ, ಹಾಲಿಗೆ ಬರುತ್ತಿತ್ತು. "ಇದು ಇವತ್ತಿಂದಲ್ಲ ಮೋನೆ," ಕಾಕ ಟೇಪು ಉಜ್ಜಿ ಪುಡಿ ಮಾಡಿ ತೋರಿಸಿದರು. "ಮನೆ ಕಟ್ಟುವಾಗಿನ ಟೇಪು. ನೀನು ಚಡ್ಡಿ ಹಾಕುವಾಗಲೇ ಹರಿದಿರ್ತದೆ. ಪೈಪೂ ಹಾಗೇ, ಒಡೆದಲ್ಲಿ ಕಲೆ ನೋಡು, ಹಳೇದು."

ನಾನು ಅಲ್ಲೇ ಬೋರಲು ಮಲಗಿದ್ದೆ. ಚಳಿಗಾಲದಲ್ಲಿ ಏಸಿ ಬಂದ್, ಅದಕ್ಕೇ ವಾಸನೆ ಇರಲಿಲ್ಲ. ನಿನ್ನ ಕೋಣೆಗೆ ಡಕ್ಟೇ ಇಲ್ಲ, ಒಂದು ಫ್ಯಾನು, ಅದಕ್ಕೇ ಅಲ್ಲೂ ಇರಲಿಲ್ಲ. ಇಷ್ಟೇ, ಅಬ್ಬಿ. ಇಷ್ಟೇ! ಅವರ ಕಕ್ಕಸಿನ ನಾತವನ್ನು ಅವರ ಮೆಷಿನ್ನು ಅವರ ನೆಂಟರಿಗೆ ಹಂಚುತ್ತಿತ್ತು, ನೀನು ನಿನ್ನ ಚರ್ಮ ಸುಲಿಯುವ ಹಾಗೆ ತಿಕ್ಕಿಕೊಂಡೆ. ನಾನು ಅಳುತ್ತಿದ್ದೇನೆ ಎಂದುಕೊಂಡು ಕಾಕ ನೀರಿನ ಬಾಟಲಿ ಕೊಟ್ಟರು. ಅಳು ಅಲ್ಲ. ಕೈಗೆ ಏನಾದರೂ ಸಿಕ್ಕಿದರೆ ಒಡೆಯುತ್ತಿದ್ದೆ.

ಯಜಮಾನ್ತಿಯನ್ನು ಕರೆದು ಏಣಿ ಹತ್ತಿಸಿದೆ. "ಸೀಲಿಂಗಿನೊಳಗೆ ಒಮ್ಮೆ ಮೂಗು ಹಾಕಿ ಅಮ್ಮ" ಅಂದೆ. ಹಾಕಿದರು. "ಥೂ! ಎಂತ ನಾತ ಇದು!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇಳಿದರು.

"ಹಾಲಿಗೆ ಬರುದು ಇದೇ. ನಿಮ್ಮ ಮೇಲಿನ ಬಾತ್‌ರೂಮಿಂದು."

"ಅಯ್ಯೋ ದೇವರೇ. ಬೇಗ ಸರಿ ಮಾಡಿ ಮಾರಾಯ."

ನಾನು ಮಾಸ್ಕು ತೆಗೆದೆ. "ನಮ್ಮಬ್ಬಿ ಇಲ್ಲೇ ಕೆಲಸಕ್ಕಿದ್ದದ್ದು. ಗಿರಿಜ."

"ಓ, ನೀನು ಗಿರಿಜನ ಮಗನಾ? ರಾಯರು ಹೇಳ್ತಿದ್ರು. ಪಾಪ, ಒಳ್ಳೆಯವಳು. ಹೋಗಿಬಿಟ್ಟಳಂತೆ ಅಲ್ವಾ?"

"ಅವಳಿಗೆ ವಾಸನೆ ಅಂತ ನೀವು ಕಳಿಸಿದ್ದಲ್ದಾ? ಅದೂ ಇದೇ ಅಮ್ಮ. ಇದೇ ಪೈಪು."

ಅವರು ಸೀಲಿಂಗಿನ ಕಡೆ ಒಮ್ಮೆ ನೋಡಿದರು. ಸುಳ್ಳು ಹೇಳುವವರ ಮುಖ ಅಲ್ಲ ಅದು. ನಿಜವಾಗಿಯೂ ನೆನಪು ಮಾಡಿಕೊಂಡು ಹೇಳಿದರು: "ಇಲ್ಲಪ್ಪ. ಅವಳ ವಾಸನೆ ಬೇರೆ ಇತ್ತು."

ಆ ಹೊತ್ತಿಗೆ ನನಗೆ ಆ ಸೀಳನ್ನು ಹಾಗೇ ಬಿಟ್ಟು ಹೋಗಬೇಕು ಅನಿಸಿತು. ಮೇಲೆ ಒಂದು ತುಂಡು ಟೇಪು ಅಂಟಿಸಿ, ಆಯಿತು ಎಂದು ಹೇಳಿ ಬಂದರೆ ಯಾರು ನೋಡುತ್ತಾರೆ? ಸಾಯುವವರೆಗೆ ಮೂಸಿಕೊಂಡಿರಲಿ. ಆದರೆ ಕೆಳಗೆ ಏಣಿ ಹಿಡಿದು ನಿಂತವಳು ಸುಜಾತ. ನಾನು ಬಿಟ್ಟುಹೋದ ನಾತ ಯಾರ ಮೈಗೆ ಹತ್ತುತ್ತದೆ? ಅದಕ್ಕೆ ಮುಚ್ಚಿದೆ. ತಗಡನ್ನು ಬ್ರಷ್ಷಿನಿಂದ ಹೊಳೆಯುವವರೆಗೆ ತಿಕ್ಕಿದೆ. ಸ್ಕ್ರೂ ಹೊಡೆದು, ಪೇಸ್ಟ್ ಮೆತ್ತಿ, ಜಾಲರಿ ಸುತ್ತಿ, ಮತ್ತೆ ಪೇಸ್ಟ್, ಮೇಲೆ ಅಲ್ಯೂಮಿನಿಯಂ ಟೇಪು. ಪೈಪಿಗೆ ಕಾಕ ಪ್ಲಂಬರನ್ನು ಕರೆಸಿದರು. ಕೊನೆಗೆ ಊದುಬತ್ತಿ ಹಿಡಿದರೆ ಹೊಗೆ ನೆಟ್ಟಗೆ ಮೇಲೆ ಹೋಯಿತು. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಯಾವತ್ತೂ ಆಗಿರಲಿಲ್ಲ. ಅದೂ ಯಾರ ಮನೆಗೆ, ನೋಡು.

ಮುಂದಿನ ಶುಕ್ರವಾರ ಫಿಲ್ಟರ್ ಬದಲಿಸಲು ಮತ್ತೆ ಹೋದೆವು. ಹಾಲಿನಲ್ಲಿ ಭಜನೆ ಮುಗಿದು ಹೆಂಗಸರು ಪಾಯಸಕ್ಕೆ ಕೂತಿದ್ದರು. ನಾನು ಏಣಿ ಹೊತ್ತುಕೊಂಡು ಪ್ಯಾಸೇಜಿನಲ್ಲಿದ್ದೆ. "ಈಗ ಮೂಗೆಳೆದು ನೋಡಿ, ಏನಾದ್ರೂ ವಾಸನೆ ಉಂಟಾ?" ಯಜಮಾನ್ತಿಯ ದನಿ. "ಇವಳಿಗೆ ಹೇಳಿ ಹೇಳಿ ಸ್ನಾನ ಕಲಿಸಿದೆ." ಸುಜಾತ ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. "ಮುಂಚೆ ಒಬ್ಬಳಿದ್ದಳಲ್ಲ, ಗಿರಿಜ, ಅವಳ ಕಾಲದಲ್ಲಂತೂ..." ಎಂದು ಯಾರೋ ಶುರು ಮಾಡಿದರು. ಎಲ್ಲರೂ ನಕ್ಕರು.

ಏಣಿ ಕೆಳಗಿಟ್ಟೆ. ಶೂ ಹಾಕಿಕೊಂಡೇ ಹಾಲಿಗೆ ಹೋದೆ. "ಸ್ನಾನದ್ದಲ್ಲ ಅಮ್ಮ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಕಕ್ಕಸಿನ ಪೈಪ್ ಒಡೆದಿತ್ತು. ಅದರ ಗಾಳಿ ನಿಮ್ಮ ಏಸಿಯಿಂದ ಇವರ ಮೂಗಿಗೆ ಬರ್ತಿತ್ತು. ಹೋದ ವಾರ ನಾನೇ ಮುಚ್ಚಿದ್ದು, ನೀವೇ ಏಣಿ ಹತ್ತಿ ಮೂಸಿದ್ರಿ. ಗಿರಿಜ ಇರುವಾಗ್ಲೂ ಬಂದದ್ದು ಅದೇ. ಗಿರಿಜನ ಮೈಯಲ್ಲಿ ಎಂತ ವಾಸನೆಯೂ ಇರ್ಲಿಲ್ಲ. ನಾನು ಅವಳ ಮಗ." ಒಬ್ಬರ ಚಮಚ ಬಾಯಿಯ ಹತ್ತಿರವೇ ನಿಂತಿತು. ಕಾಕ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಸುಜಾತ ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಹಲ್ಲು ಕಚ್ಚಿ ಬೈದಳು: "ತುಮ್ ತೋ ಬೋಲ್‌ಕೇ ಚಲಾ ಜಾಯೇಗಾ. ಮೈಂ ಕಿಧರ್ ಜಾಯೇಗೀ?" ನಾನೇನೋ ಹೇಳಿ ಹೋಗಿಬಿಡುತ್ತೇನೆ, ಅವಳು ಎಲ್ಲಿಗೆ ಹೋಗಬೇಕು? ಅವಳು ಹೇಳಿದ್ದೂ ಸರಿಯೇ. ಈಗ ಅವಳನ್ನು ಕಳಿಸಿಲ್ಲ, ವಾಸನೆಯ ಸುದ್ದಿಯನ್ನೂ ಯಾರೂ ಎತ್ತುವುದಿಲ್ಲವಂತೆ. ನನ್ನ ವೀಸಾ ಮಾತ್ರ ಕ್ಯಾನ್ಸಲ್ ಮಾಡಿಸುತ್ತೇನೆ ಎಂದು ರಾಯರು ಹೇಳಿದ್ದಾರೆ. ಮಾಡಿಸಲಿ. ಊರಿಗೆ ಬಂದರೆ ಅಜ್ಜಿಗೆ ಹೇಳುತ್ತೇನೆ, ಆ ಹೆಡ್‌ಮಾಸ್ತರಿಗೂ ಹೇಳುತ್ತೇನೆ, ಮೂಗು ಒಡೆಸಿಕೊಂಡವನ ಮನೆಗೂ ಹೋಗಿ ಹೇಳುತ್ತೇನೆ. ಒಬ್ಬರನ್ನೂ ಬಿಡುವುದಿಲ್ಲ.

ಇನ್ನೊಂದು ಮಾತು ಉಳಿದಿದೆ. ಬರೆಯಬೇಕೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸುತ್ತಿದ್ದೆ. ಆ ಶುಕ್ರವಾರ ನಾವು ವ್ಯಾನಿಗೆ ಸಾಮಾನು ಹಾಕುತ್ತಿದ್ದಾಗ ಆ ಹೆಂಗಸರಲ್ಲಿ ಒಬ್ಬರು, ಕನ್ನಡಕದವರು, ಗೇಟಿನ ಹೊರಗೆ ಬಂದರು. ಸುತ್ತ ನೋಡಿ ಸಣ್ಣ ದನಿಯಲ್ಲಿ ಹೇಳಿದರು: "ನಂಗೆ ಗಿರಿಜ ಇರುವಾಗ್ಲೇ ಗೊತ್ತಿತ್ತು ಅದು ಡ್ರೈನೇಜಿಂದು ಅಂತ. ನಮ್ಮ ಹಳೇ ಫ್ಲ್ಯಾಟಲ್ಲೂ ಹಾಗೇ ಬರ್ತಿತ್ತು. ಆದ್ರೆ ಊಟಕ್ಕೆ ಕರೆದವರ ಮನೆಯಲ್ಲಿ ಕೂತು, ನಿಮ್ಮ ಮನೆ ನಾರ್ತದೆ ಅಂತ ಹೇಗೆ ಹೇಳುದು? ಸುಮ್ಮನಿದ್ದೆ."

ನಾನು ಏಣಿಯನ್ನು ವ್ಯಾನಿಗೆ ಕಟ್ಟಿದೆ ಅಬ್ಬಿ. ಹಗ್ಗ ಬಿಚ್ಚಿ ಮತ್ತೆ ಬಿಗಿದೆ.

ಅವರು ಕಾರಿನ ಬಾಗಿಲು ತೆರೆದು ನನ್ನ ಕಡೆ ತಿರುಗಿ ನಕ್ಕರು. "ಅಮ್ಮ ಊರಲ್ಲಿ ಆರಾಮಾ? ನಾನು ಕೇಳಿದೆ ಅಂತ ಹೇಳು."

ಹೇಳಿದ್ದೇನೆ.