ಕರ್ಪೂರದ ಹೆಣ್ಣಿಗೆ ಗಾಜು

ಮೆಲ್ಬರ್ನ್ ಗ್ಯಾಲರಿಯ ಕ್ಯುರೇಟರ್ ಚಿನ್ಮಯಿ ಅವರಿಗೆ,

ಕಳೆದ ಮಾರ್ಚ್‌ನಲ್ಲಿ ನೀವು ಜಪಾನಿನ ಜಿಂಕೆ-ಹೆಣ್ಣಿನ ಸುತ್ತ ಗಾಜು ಕಟ್ಟಿಸಿದಿರಿ. ಅದು ಅನ್ಯಾಯ.

ಸೊಂಟದವರೆಗೆ ಹೆಂಗಸು, ಕೆಳಗೆ ಜಿಂಕೆಯಾಗಿರುವ ಆ ಶಿಲ್ಪವನ್ನು ಕೆತ್ತಿರುವುದು ಕರ್ಪೂರದ ಮರದಲ್ಲಿ. ಮೊದಲ ಸಲ ನೋಡಿದಾಗ ನನ್ನ ಹೆಂಡತಿ ಅನುಸೂಯ, "ರೀ, ನಮ್ಮ ಕರ್ಪೂರ ಹಚ್ಚಿದ್ರೆ ಮುಗೀತು. ಇವಳು ನೋಡಿ, ಇನ್ನೂ ನಿಂತಿದಾಳೆ" ಎಂದು ನಕ್ಕಿದ್ದಳು. ಆಮೇಲೆ ಅವಳ ಕಣ್ಣು ಹೋಯಿತು. ಆದರೂ ಪ್ರತಿ ವರ್ಷ ಸಿಡ್ನಿಯಿಂದ ಬರುತ್ತಿದ್ದೆವು. ಶಿಲ್ಪವನ್ನು ಮುಟ್ಟುವಂತಿಲ್ಲವಲ್ಲ, ಅವಳು ಪರಿಮಳದಿಂದಲೇ ನೋಡಿ, "ಚೆನ್ನಾಗಿದಾಳೆ" ಎನ್ನುತ್ತಿದ್ದಳು.

ಈ ಸಲ ಗಾಜಿನೆದುರು ತುಂಬ ಹೊತ್ತು ನಿಂತು, "ಬೇರೆ ರೂಮಿಗೆ ಬಂದ್ವೇನ್ರೀ? ಇಲ್ಲಿ ಯಾರೂ ಇಲ್ಲ" ಎಂದಳು. ನಾನು ಹೌದೆಂದುಬಿಟ್ಟೆ, ಅವಳನ್ನು ಬೇರೆಲ್ಲಿಗೋ ಕಳಿಸಿದ್ದಾರಂತೆ ಎಂದೂ ಸೇರಿಸಿದೆ. ಈಗ ಮನೆಯಲ್ಲಿ ಆಗಾಗ, "ಅವಳನ್ನ ಎಲ್ಲಿಗೆ ಕಳಿಸಿದ್ರಂತೆ?" ಎಂದು ಕೇಳುತ್ತಾಳೆ.

ಆ ಶಿಲ್ಪದ ಉದ್ಘಾಟನೆಯ ದಿನ "ಮರಕ್ಕೂ ಉಸಿರಾಡೋಕೆ ಜಾಗ ಬೇಕು" ಎಂದು ಭಾಷಣ ಮಾಡಿದವರು ನೀವೇ. ನಾನು ಮರೆತಿಲ್ಲ. ದಿನಕ್ಕೆ ಒಂದು ಗಂಟೆಯಾದರೂ ಆ ಗಾಜನ್ನು ತೆರೆಯುತ್ತೀರಾ, ಇಲ್ಲವಾ? ಉತ್ತರವನ್ನು ನನಗೆ ಬರೆದು ಕಳಿಸಬೇಡಿ. ಅದೇ ಕೋಣೆಯಲ್ಲಿ, ಎಲ್ಲರೆದುರು, ಗಟ್ಟಿಯಾಗಿ ಹೇಳಿ. ಅನುಸೂಯಳನ್ನು ನಾನು ಕರೆತರುತ್ತೇನೆ.

ದಿವಾಕರ
ಕೆಲ್ಲಿವಿಲ್, ಸಿಡ್ನಿ